ದಿಷ್ಟಿ ಕಿಂಡಿ

ಮಂದಿ ನಂಬೋ ಮಾತು ಎಲ್ಲಿ ಹುಟ್ತಾವ ಅಂತ ನನಗ ಕೇಳಬ್ಯಾಡ್ರಿ. ಅದರಾಗ ಒಂದೆರಡು ನನ್ನ ದುಕಾನದಾಗೇ ಹುಟ್ಟ್ಯಾವ. ಹುಟ್ಟಿದವು ಸುಮ್ಮ ಹೋಗಬೇಕಿಲ್ಲೋ, ಊರೂರು ತಿರುಗಿ ನಮ್ಮನಿ ಬಾಗಲಿಗೇ ಬರ್ತಾವ. ಈ ಸಲ ಬಂದದ್ದು ನಮ್ಮ ಮೊಮ್ಮಗಳ ಮದಿವಿ ಸೀರಿಗಿ ಕತ್ತರಿ ಹಚ್ಚಲಿಕ್ಕ. ವಯಸ್ಸಾಗ್ಯದ, ಸಾಕಾಗ್ಯದ, ಆದ್ರೂ ಹೇಳ್ತೀನಿ.

೧. ಇಲಿ ಮಾಡಿದ ಉಪಕಾರ

ಉಮರಗಾ ಬಜಾರದಾಗ ನಂದು ಸೀರಿ ದುಕಾನ ಇತ್ತು. ಒಂದ ವರ್ಷ ಮದಿವಿ ಸೀಜನ್ನಿನಾಗ ಗಂಟು ಬಿಚ್ಚಿ ನೋಡ್ತೀನಿ, ಬೆಕ್ಕಿನಷ್ಟು ದೊಡ್ಡ ಇಲಿ ನಲವತ್ತು ಸೀರಿ ಸೆರಗು ಕಡದ ಇಟ್ಟದ. ಖರೇ ಅಂದ್ರ ಹನ್ನೆರಡೇ. ಆದ್ರ ನಲವತ್ತು ಅಂದ್ರ ಕೇಳಲಿಕ್ಕ ಛಲೋ.

ದಾಳಿಂಬದಿಂದ ಒಬ್ಬಾಕಿ ಮಗಳ ಮದಿವಿ ಸೀರಿಗಿ ಬಂದ್ಳು. ಸೆರಗು ಬಿಚ್ಚಿ, ತೂತಿನಾಗ ಬೆರಳ ಹಾಕಿ, "ಇದೇನ್ರೀ ಸಾವಕಾರ್ರ?" ಅಂದ್ಳು.

"ದಿಷ್ಟಿ ಕಿಂಡಿ, ಯವ್ವಾ. ಗಣಪ್ಪನ ವಾಹನ ಬಾಯಿ ಹಚ್ಚ್ಯದ. ಮದಲಗಿತ್ತಿಗಿ ತಗಲಿದ ದಿಷ್ಟಿ ಎಲ್ಲಾ ಈ ಕಿಂಡ್ಯಾಗಿಂದ ಹೊರಗ ಹೋಗ್ತದ."

ಆಕಿ ಆ ತೂತಿನಾಗಿಂದೇ ನನ್ನ ಮುಖಾ ನೋಡಿದ್ಳು. ನಾನೂ ಕಣ್ಣ ಮಿಟಕಿಸಲಿಲ್ಲ.

"ಹಂಗಾದ್ರ ಎರಡು ತೂತಿಂದು ಇದ್ರ ತೋರಸ್ರಿ," ಅಂದ್ಳು. "ನಮ್ಮ ಹುಡುಗಿ ಭಾಳ ಛಂದ ಅದಾಳ."

೨. ನಿಲಂಗಾದಾಗ ಬೈಸ್ಕೊಂಡದ್ದು

ಎಷ್ಟೋ ವರ್ಷ ಆದಮ್ಯಾಲ ನಿಲಂಗಾಕ ಒಂದು ಮದಿವಿಗಿ ಹೋಗಿದ್ದೆ. ಅಲ್ಲಿ ಒಬ್ಬ ಮುದುಕಿ ಹೊಸ ರೇಶ್ಮಿ ಸೀರಿ ಹಿಡಕೊಂಡು, ಕಣ್ಣ ಮುಚ್ಚಿ, ಸೆರಗಿನ ಮೂಲ್ಯಾಗ ಕಚಕ್ ಅಂತ ಕತ್ತರಿ ಆಡಿಸಿದ್ಳು. ಸೀರಿ ವ್ಯಾಪಾರಿ ಜೀವ ನಂದು, ಚುರ್ ಅಂತು.

"ಅಯ್ಯಯ್ಯೋ, ಯಾಕ್ರೀ?"

"ದಿಷ್ಟಿ ಕಿಂಡಿ ರೀ. ಸಾವಿರ ವರ್ಷದ ಪದ್ಧತಿ. ನಮ್ಮತ್ತಿ ಹೇಳ್ಯಾಳ, ಆಕಿಗಿ ಆಕಿ ಅತ್ತಿ ಹೇಳ್ಯಾಳ."

"ಮತ್ತ ಇಲಿ?"

"ಯಾವ ಇಲಿ? ಶುಭಕಾರ್ಯದಾಗ ಹೊಲಸ ಮಾತ ತೆಗೀಬ್ಯಾಡ್ರಿ. ನಿಮ್ಮಂಥಾ ಹಿರ್ಯಾರಿಗೇ ಪದ್ಧತಿ ಗೊತ್ತಿಲ್ಲಂದ್ರ ಸಣ್ಣವರಿಗಿ ಯಾರ ಕಲಸಬೇಕು?"

ಹತ್ತು ಮಂದಿ ಮುಂದ ನಾ ಮಾಫಿ ಕೇಳಿದೆ. ನನ್ನ ಸುಳ್ಳಿಗಿ ನಾನೇ.

೩. ಔರಾದದ ಗುರುಗಳು

ಔರಾದ ಶಹಾಜನಿದಾಗ ನನ್ನ ದೋಸ್ತ ಒಬ್ಬ ರಿಟಾಯರ್ ವಿಜ್ಞಾನ ಮಾಸ್ತರ ಅದಾನ. ಓದಿದಂವರೇ ತಿಳಕೋತಾನ ಅಂತ ಅವನ ಮುಂದ ಹೊಟ್ಟ್ಯಾಗಿಂದು ಹೇಳಲಿಕ್ಕ ಹೋದೆ. ದಿಷ್ಟಿ ಕಿಂಡಿ ಅನ್ನೂದ್ರಾಗೇ ಅಂವಾ ಬೆರಳ ಎತ್ತಿದಾ.

"ಹಿರ್ಯಾರು ಸುಮ್ಮ ಮಾಡಿಲ್ಲ. ರೇಶ್ಮಿಯಿಂದ ಮೈಯಾಗ ಕಾವು ಹುಟ್ತದ. ಆ ಕಾವು ಹೊರಗ ಹೋಗಲಿಕ್ಕ ಆ ತೂತು."

"ಮಾಸ್ತರ, ಅದು ನಾ ಹುಟ್ಟಿಸಿದ್ದೋ! ಇಲಿ ಕಡದ ಮಾಲು ಮಾರಿ ಖಾಲಿ ಮಾಡಲಿಕ್ಕ!"

ಅಂವಾ ಚಷ್ಮಾ ತೆಗದು ಒರಸಿಕೋತ ಅಂದಾ: "ಹುಟ್ಟಿಸಿರಬಹುದು. ಆದ್ರ ಅದರ ಹಿಂದಿನ ವಿಜ್ಞಾನ ನಿನಗ ಗೊತ್ತಿರಲಿಲ್ಲ."

೪. ಉದಗೀರದ ಬೀಗಿತಿ

ನಮ್ಮ ಮೊಮ್ಮಗಳು ಲಾತೂರದಾಗ ರಕ್ತ ತಪಾಸ ಮಾಡೋ ಲ್ಯಾಬಿನಾಗ ಕೆಲಸ ಮಾಡ್ತಾಳ. ಎರಡ ಸಲ ನೋಡದೇ ಯಾವುದೂ ಒಪ್ಪಾಕಿ ಅಲ್ಲ. ತನ್ನ ಪಗಾರದಾಗ ನವಿಲ ಬಣ್ಣದ ರೇಶ್ಮಿ ಸೀರಿ ತಂದಿದ್ಳು. ಮದಿವಿ ಎಂಟ ದಿನ ಇರೂದ್ರಾಗ ಉದಗೀರದ ಬೀಗಿತಿ ಬಂದ್ಳು, ಪರ್ಸಿನಾಗ ಕತ್ತರಿ ಇಟಗೊಂಡೇ ಬಂದಿದ್ಳು.

"ಮುತ್ಯಾ," ಅಂದ್ಳು ಮೊಮ್ಮಗಳು, "ಈ ಪದ್ಧತಿ ಎಲ್ಲಿಂದ ಬಂತು ಕೇಳು. ನನ್ನ ಸೀರಿಗಿ ಕತ್ತರಿ ಮುಟ್ಟಿದ್ರ ನಾ ಪೆಂಡಾಲಕ್ಕ ಬರಂಗಿಲ್ಲ."

ಆಕಿ ಮಾರಿ ನೋಡಿದ್ರ ಖರೇನೇ ಬರಾಕಿ ಅಲ್ಲ. ನಾ ಕೈ ಮುಗದು ಎಲ್ಲಾ ಒಪ್ಪಿಕೊಂಡೆ. ದುಕಾನ, ಇಲಿ, ದಾಳಿಂಬದಾಕಿ, ಒಂದೂ ಬಿಡಲಿಲ್ಲ. ಹನ್ನೆರಡು ಸೀರಿಗಿ ಹನ್ನೆರಡೇ ಅಂದೆ. ಜನ್ಮದಾಗ ಮೊದಲನೇ ಸಲ.

ಬೀಗಿತಿ ನಕ್ಕು ನಕ್ಕು ಸುಸ್ತಾದ್ಳು. "ಕಾಯ ಹೋ ಬೀಗರ! ನಿಮ್ಮ ಮಾತ ಯಾರ ನಂಬ್ತಾರ್ರಿ? ಉಮರಗಾದಿಂದ ಉದಗೀರ ತನಾ ನಿಮ್ಮಷ್ಟು ಸುಳ್ಳ ಹೇಳಾವ್ರು ಯಾರರೇ ಅದಾರೇನು? ಎಲ್ಲಿ, ಸೀರಿ ತರ್ರಿ."

ಕತ್ತರಿ ಬಾಯಿ ತೆರೀತು. ಮೊಮ್ಮಗಳು ನನ್ನ ಕಡಿ ನೋಡಿದ್ಳು. ಖರೇ ಹೇಳಿ ದಣದಿದ್ದೆ. ಹಣಿಗಿ ಇಷ್ಟು ವಿಭೂತಿ ಬಡಕೊಂಡು, ಕಣ್ಣ ಮುಚ್ಚಿ, ಸಣ್ಣ ದನಿಲೇ ಅಂದೆ:

"ಕತ್ತರಿ ಹಚ್ಚಬಾರದು. ಅತ್ತಿ ಸೊಸಿ ಸಂಬಂಧ ಕಡೀತದ. ಮೂಲ ಪದ್ಧತ್ಯಾಗ ಇಲೀನೇ ಕಡೀಬೇಕು."

ಬೀಗಿತಿ ಕೈಯಾಗಿನ ಕತ್ತರಿ ದಪ್ಪ್ ಅಂತ ಬಿತ್ತು. "ಶಿವಶಿವಾ! ದೊಡ್ಡ ಸೊಸಿ ಸೀರಿಗಿ ನಾ ಕತ್ತರೀನೇ ಹಚ್ಚಿದ್ದೆ ನೋಡ್ರಿ. ಅದಕ್ಕೇ ಆಕಿ ನನ್ನ ಕೂಡ ಮಾತಾಡಂಗಿಲ್ಲ!" ಅಂದು, ಹಗೂರಕ ಕೇಳಿದ್ಳು, "ಮತ್ತ ಇಲಿ ಕಡೀಲಿಲ್ಲಂದ್ರ?"

"ಹುಡುಗಿಗಿ ದಿಷ್ಟೀನೇ ಇಲ್ಲ ಅಂತ ತಿಳೀಬೇಕು."

ಮೊಮ್ಮಗಳು ಸೀರಿ ಒಯ್ದು ಕಬ್ಬಿಣದ ಕಪಾಟದಾಗ ಇಟ್ಟು ಕೀಲಿ ಹಾಕಿದ್ಳು. ಇಲಿ ಅದರ ಹಂತ್ಯಾಕೂ ಹಾಯಲಿಲ್ಲ. ಇಂಥಾ ಸೊಸಿ ಪುಣ್ಯಾ ಮಾಡಿದವರಿಗಿ ಸಿಗ್ತಾಳ ಅಂತ ಬೀಗಿತಿ ಪೆಂಡಾಲ ತುಂಬ ಹೇಳಿಕೋತ ತಿರುಗಿದ್ಳು. ನವಿಲ ಬಣ್ಣದ ಸೆರಗು ಇಡೀಕ ಇಡೀ ಇತ್ತು. ಈ ಮಾತಿಲ್ಲಿಗೇ ಮುಗೀತು, ಇನ್ನ ಆರಾಮ ಕೂಡ್ತೀನಿ ಅಂದ್ಕೊಂಡೆ.

ನಿನ್ನಿ ಶಿರೂರ ಅನಂತಪಾಳದಿಂದ ಗುರುತಿಲ್ಲದ ಹೆಣ್ಮಗಳು ಒಬ್ಬಾಕಿ ಫೋನ್ ಮಾಡಿದ್ಳು.

"ಮುತ್ಯಾ, ಸೋಮವಾರ ನಮ್ಮ ಮಗಳ ಮದಿವಿ ಅದರಿ. ಬೆಕ್ಕು ಸಾಕಿ ಕೆಟ್ಟೀವಿ, ಮನ್ಯಾಗ ಒಂದೂ ಇಲಿ ಉಳದಿಲ್ಲ. ನಿಮ್ಮ ಹಂತೇಕ ಮೂಲ ಪದ್ಧತಿದು ಒಂದು ಇದ್ರ, ಎರಡ ದಿನದ ಮಟ್ಟಿಗಿ ಕಳಸ್ತೀರೇನ್ರಿ?"