ರೋಬೋಟಿಗೂ ಮೊಸರು-ಸಕ್ಕರೆ

ಪುಣೆಯಲ್ಲಿ ನನ್ನ ಮರ್ಯಾದೆ ಕಳೆಯುವ ಗುತ್ತಿಗೆಯನ್ನು ಯಾರಾದರೂ ಹಿಡಿದಿದ್ದರೆ ಅದು ನಮ್ಮ ಮೌಶಿ, ಅಂದರೆ ಅವ್ವನ ತಂಗಿ. ಬೇರೆಯವರ ಮೌಶಿಯರು ಈ ವಯಸ್ಸಿನಲ್ಲಿ ಭಜನೆ ಕೇಳುತ್ತಾರೆ. ನಮ್ಮವಳು ಮೊಬೈಲಿನಲ್ಲಿ ರೋಬೋಟಿನ ಕಥೆ ಕೇಳುತ್ತಾಳೆ. ಅದೂ ಊರಿಗೆಲ್ಲ ಕೇಳುವಂತೆ! ಕಿವಿಗೆ ಬೆಂಡೋಲೆ ಇರುವಾಗ ಇಯರ್‌ಫೋನೆಂಬ ಇನ್ನೊಂದು ಒಡವೆ ಯಾತಕ್ಕೆ ಎಂಬುದು ಅವಳ ವಾದ.

ಕಥೆಯ ನಾಯಕ ಆಕಾಶನೌಕೆಯೊಂದರಲ್ಲಿ ಪಾತ್ರೆ ತೊಳೆಯುವ ರೋಬೋಟು. ಮಹಾ ಪುಕ್ಕಲ. ಯಾವ ಗ್ರಹಕ್ಕೆ ಗಂಡಾಂತರ ಬಂದರೂ ಅವನನ್ನೇ ಅಟ್ಟುತ್ತಾರೆ. ಅವನು ಪ್ರತಿ ಸಲವೂ "ನನ್ನ ಕೆಲಸ ಪಾತ್ರೆ ತೊಳೆಯೋದು, ಲೋಕ ಉಳಿಸೋದಲ್ಲ" ಎಂದು ಗೊಣಗಿ, ನಡುಗುತ್ತಲೇ ಹೊರಡುತ್ತಾನೆ. ಅಷ್ಟರಲ್ಲಿ ಮೌಶಿ ಕಥೆ ನಿಲ್ಲಿಸುತ್ತಾಳೆ. ಯಾಕೆ ಅಂತೀರಾ? ನಮ್ಮ ಮನೆಯಲ್ಲಿ ಪರೀಕ್ಷೆಗಾಗಲಿ, ಇಂಟರ್‌ವ್ಯೂಗಾಗಲಿ, ಮೊಸರು-ಸಕ್ಕರೆ ತಿನ್ನದೆ ಯಾರೂ ಹೊಸ್ತಿಲು ದಾಟುವಂತಿಲ್ಲ. ರೋಬೋಟು ಮಾತ್ರ ದಾಟಬಹುದೇ? ಒಂದು ಚಮಚ ಮೊಸರಿಗೆ ಸಕ್ಕರೆ ಉದುರಿಸಿ, ಮೊಬೈಲಿಗೆ ತೋರಿಸಿ, ಅವನ ಪಾಲನ್ನು ತಾನೇ ತಿಂದು, ಆಮೇಲೆ ಅವನನ್ನು ಕಳಿಸುತ್ತಾಳೆ. ದೇವರ ನೈವೇದ್ಯಕ್ಕೂ ಇದೇ ಪದ್ಧತಿಯಂತೆ.

ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಸತ್ಯನಾರಾಯಣ ಪೂಜೆಯಲ್ಲಿ ಸಂಕಲ್ಪ ನಡೆದಿದ್ದಾಗ ಅವಳ ಚೀಲದೊಳಗಿಂದ "ನನ್ನ ಕೆಲಸ ಪಾತ್ರೆ ತೊಳೆಯೋದು" ಎಂಬ ಗಂಭೀರ ದನಿ ಎದ್ದಿತು. ಅರ್ಥ ತಿಳಿಯದ ಮರಾಠಿ ಮಂದಿ ಕನ್ನಡದ ಮಂತ್ರವೆಂದು ಕೈಮುಗಿದರು. ಅರ್ಥ ತಿಳಿದ ನಾನೊಬ್ಬಳು ಎಲ್ಲಿ ಅಡಗಲಿ?

ಮೌಶಿಯನ್ನೂ ಕರೆದುಕೊಂಡು ಆಫೀಸಿನವರೊಂದಿಗೆ ಲೋಣಾವಳಾಕ್ಕೆ ಹೋದಾಗಲಂತೂ ಕೇಳಲೇಬೇಡಿ. ಉಡುಪಿ ಹೋಟೆಲಿನಲ್ಲಿ ದೋಸೆ ಬರುವ ಹೊತ್ತಿಗೆ ಸರಿಯಾಗಿ ರೋಬೋಟು ಹೊರಟುಬಿಟ್ಟ. ಮೌಶಿ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಮಾಲೀಕರನ್ನು ಕೂಗಿದಳು.

"ಸ್ವಲ್ಪ ಮೊಸರು-ಸಕ್ಕರಿ ಕಳಸ್ರಿ. ನಮ್ಮ ಹುಡುಗ ಹೊಂಟಾನ."

ಅವರು ಹುಡುಗನಿಗಾಗಿ ಸುತ್ತಲೂ ನೋಡಿದರು. ಮೌಶಿ ಮೊಬೈಲು ತೋರಿಸಿದಳು. ಇವರಿಗೆ ಚಿಕಿತ್ಸೆ ಏನಾದರೂ ನಡೆದಿದೆಯೇ ಎಂದು ನಮ್ಮ ಸಾಹೇಬರು ಮರಾಠಿಯಲ್ಲಿ ಮೆಲ್ಲಗೆ ವಿಚಾರಿಸಿದರು. ನಾಚಿಕೆಯಿಂದ ನಾನು ದೋಸೆಯನ್ನೇ ಹೊದ್ದುಕೊಳ್ಳುವುದೊಂದು ಬಾಕಿ ಇತ್ತು.

ಈ ಮಳೆಗಾಲದಲ್ಲಿ ಮೌಶಿ ತಲೆಸುತ್ತಿ ಬಿದ್ದಳು. ಎದೆಬಡಿತ ನಿಧಾನವಾಗಿದೆ, ಪೇಸ್‌ಮೇಕರ್ ಕೂಡಿಸಬೇಕು ಎಂದರು ಡಾಕ್ಟರು. ಎದೆಯಲ್ಲಿ ಬ್ಯಾಟರಿ! ತಾನೂ ಇನ್ನು ರೋಬೋಟಿನ ಬಳಗದವಳೇ ಎಂದು ಮೌಶಿ ನಕ್ಕಳು. ಆದರೆ ಆಪರೇಷನ್ನಿನ ದಿನ ಸ್ಟ್ರೆಚರಿನ ಮೇಲೆ ಮಲಗಿದವಳು ನನ್ನ ಕೈ ಬಿಡಲೇ ಇಲ್ಲ. ಮೊಸರು-ಸಕ್ಕರೆ ತಿನ್ನದೆ ಒಳಗೆ ಹೋಗಲಾರೆ ಎಂದು ಹಟ ಹಿಡಿದಳು. ಮನೆಯಿಂದಲೇ ಡಬ್ಬಿ ತರಿಸಿದ್ದಳು. ಹೊಟ್ಟೆ ಖಾಲಿಯೇ ಇರಬೇಕು, ಒಂದು ಹನಿಯೂ ಕೊಡುವಂತಿಲ್ಲ ಎಂದಳು ನರ್ಸು.

"ನನಗ ಭಾಳ ಅಂಜಿಕಿ ಆಗ್ಯದ," ಎಂದಳು ಮೌಶಿ. "ಆ ರೋಬೋಟಿಗರ ನಾ ಇದ್ದೆ."

ಕಾರಿಡಾರಿನ ತುಂಬ ಜನ. ವಿಚಾರಿಸಲು ಬಂದ ಸಾಹೇಬರೂ ಅಲ್ಲೇ ನಿಂತಿದ್ದರು. ನಾನು ಡಬ್ಬಿ ತೆರೆದೆ. ಒಂದು ಚಮಚ ತುಂಬಿ ಮೌಶಿಯ ಮುಖಕ್ಕೆ ತೋರಿಸಿ, ಅವಳ ಪಾಲನ್ನು ನಾನೇ ತಿಂದೆ.

"ನೀ ತಿಂದಂಗ ಆತು, ಮೌಶಿ. ಹೋಗಿ ಬಾ."

ಮೌಶಿ ನನ್ನ ಬಾಯಿಯನ್ನೇ ನೋಡಿದಳು, ನುಂಗಿದ್ದು ಖಾತ್ರಿಯಾದ ಮೇಲೆ ಕೈ ಬಿಟ್ಟಳು. ತನ್ನ ಕೆಲಸ ಕಥೆ ಕೇಳುವುದು, ಕೊಯ್ಯಿಸಿಕೊಳ್ಳುವುದಲ್ಲ ಎಂದು ಗೊಣಗುತ್ತ, ನಡುಗುತ್ತಲೇ ಒಳಗೆ ಹೋದಳು. ನಾನು ತುಟಿಗೆಲ್ಲ ಮೊಸರು ಮೆತ್ತಿಕೊಂಡು ಅಳುತ್ತ ನಿಂತಿದ್ದೆ. ಸಾಹೇಬರು ನನ್ನನ್ನೇ ನೋಡುತ್ತಿದ್ದರು. ನೋಡಲಿ ಬಿಡಿ.