ಒಲೆ ಹಚ್ಚದೆ ಮಾಡಿದ ಮಣ್ಣು ಪುಡ್ಡಿಂಗು

"ಒಲೆ ಹಚ್ಚೋ ಹಾಗಿಲ್ಲ, ಬೇಯಿಸೋ ಹಾಗಿಲ್ಲ, ಕುದಿಸೋ ಹಾಗಿಲ್ಲ. ಇದಕ್ಕೆ ಅಡುಗೆ ಅಂತ ಯಾಕೆ ಹೆಸರು? ಬರೀ ಕಲಸೋದು. ಸಿಮೆಂಟ್ ಕಲಸೋನು ಇದಕ್ಕಿಂತ ಜಾಸ್ತಿ ತಲೆ ಓಡಿಸ್ತಾನೆ."

ಹ್ಯಾಲೋವೀನ್ ದಿನ ಬೆಳಿಗ್ಗೆ ಅಡುಗೆಮನೆಯ ನಟ್ಟನಡುವೆ ನಿಂತು ಲೋವೆಲ್ ಟೋಸ್ಟ್ರುಡ್ ಹೀಗೆ ಅಪ್ಪಣೆ ಕೊಡಿಸಿದ. ಅವನ ಹೆಂಡತಿ ಮಾರ್ಲಿಸ್ ಪಕ್ಕದ ಕೋಣೆಯ ಒರಗು ಕುರ್ಚಿಯಲ್ಲಿ ಆಪರೇಷನ್ ಆದ ಮಂಡಿ ಚಾಚಿಕೊಂಡು ಹೆಣಿಗೆ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ. ಆಗಸ್ಟಿನಿಂದ ಅವಳು ಇಂಥ ಅಪ್ಪಣೆಗಳನ್ನು ದಿನಕ್ಕೆ ನಾಲ್ಕರಂತೆ ಕೇಳುತ್ತ ಬಂದಿದ್ದಳು.

ಲೋವೆಲ್ ಮೂವತ್ತನಾಲ್ಕು ವರ್ಷ ಹಾಲಿನ ಟ್ಯಾಂಕರ್ ಓಡಿಸಿ ಆಗಸ್ಟಿನಲ್ಲಿ ನಿವೃತ್ತನಾದವನು. ನಿವೃತ್ತನಾದ ಗಂಡಸು ಮೀನು ಹಿಡಿಯಬೇಕು, ಇಲ್ಲ ನಿದ್ದೆ ಮಾಡಬೇಕು. ಇವನು ಮನೆ ಸುಧಾರಣೆಗೆ ಇಳಿದ! ಪಾತ್ರೆ ತೊಳೆಯುವ ಯಂತ್ರದಲ್ಲಿ ತಟ್ಟೆ ಹೇಗೆ ನಿಲ್ಲಿಸಬೇಕು ಅನ್ನುವುದರ ಮೇಲೆ ಹೆಂಡತಿಗೆ ಪಾಠ ಹೇಳಿದ. ಸಾಮಾನಿನ ಕಪಾಟಿನಲ್ಲಿದ್ದ ಡಬ್ಬಿಗಳನ್ನೆಲ್ಲ ಇಳಿಸಿ, ಶಾಲೆ ಮಕ್ಕಳ ಡ್ರಿಲ್ ಸಾಲಿನಂತೆ ಎತ್ತರದ ಪ್ರಕಾರ ಜೋಡಿಸಿದ. ಅವಳ ಮಂಡಿಗೆ ಡಾಕ್ಟರು ಹೇಳಿದ ವ್ಯಾಯಾಮಕ್ಕೆ ಸ್ಟಾಪ್‌ವಾಚ್ ಹಿಡಿದು ನಿಂತು, "ನಿನ್ನೆಗಿಂತ ಎರಡು ಸೆಕೆಂಡ್ ಹಿಂದೆ ಬಿದ್ದೆ" ಅಂದ. ಇಷ್ಟಾದರೂ ಮಾರ್ಲಿಸ್ ಸೂಜಿಯನ್ನು ಹೆಣಿಗೆಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸಲಿಲ್ಲ. ಅವಳು ಅಂಥ ತಾಳ್ಮೆಯ ಹೆಂಗಸು.

ಆದರೆ ಲೋವೆಲ್‌ನ ಮನಸ್ಸೆಲ್ಲ ಬೇರೆ ಕಡೆ ಇತ್ತು. ಬರುವ ಶನಿವಾರ ಜಿಂಕೆ ಬೇಟೆ ಶುರು. ಉತ್ತರದ ಕಾಡಿನಲ್ಲಿ ಮರದ ಬಿಡಾರ, ಒಂಬತ್ತು ದಿನ, ಹಳೆಯ ಗೆಳೆಯರು. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ತಪ್ಪಿಸಿದವನಲ್ಲ. ಈ ಸಲ ಹೋಗಬೇಕಾದರೆ ಮಾರ್ಲಿಸಳ ತಂಗಿ ಆರ್ಡಿಸ್ ಬಂದು ಮನೆಯಲ್ಲಿರಬೇಕು. ಅದನ್ನು ಬಾಯಿಬಿಟ್ಟು ಕೇಳುವುದು ಹೇಗೆ? "ನಾನಿಲ್ಲದೆ ಈ ಮನೆ ಒಂದು ದಿನ ನಡೆಯಲ್ಲ" ಅಂತ ಊರೆಲ್ಲ ಸಾರಿ ಬಂದವನು, "ಒಂಬತ್ತು ದಿನ ರಜೆ ಕೊಡು" ಅಂತ ಯಾವ ಮುಖ ಇಟ್ಟುಕೊಂಡು ಕೇಳಿಯಾನು?

ಅದಕ್ಕೇ ಒಂದು ಉಪಾಯ ಹೂಡಿದ. ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಲೋವೀನ್ ಊಟ. ಮನೆಗೊಂದು ಪಾತ್ರೆ ಒಯ್ಯಬೇಕು. ಇಪ್ಪತ್ತೆರಡು ವರ್ಷದಿಂದ ಮಾರ್ಲಿಸ್ ಒಯ್ಯುತ್ತಿದ್ದದ್ದು ಮಣ್ಣು ಪುಡ್ಡಿಂಗು. ತಳದಲ್ಲಿ ಚಾಕೊಲೇಟ್ ಪುಡ್ಡಿಂಗು, ಮೇಲೆ ಕಪ್ಪು ಬಿಸ್ಕತ್ತಿನ ಪುಡಿಯ ಮಣ್ಣು, ಮಣ್ಣಿನಲ್ಲಿ ಸಕ್ಕರೆ ಜೆಲ್ಲಿಯ ಎರೆಹುಳು, ನೆಟ್ಟಗೆ ನಿಲ್ಲಿಸಿದ ಬಿಸ್ಕತ್ತಿನ ಗೋರಿಕಲ್ಲು. ಅವಳ ಬೋಗುಣಿ ಒಂದು ವರ್ಷವೂ ಕೆರೆಸಿಕೊಳ್ಳದೆ ಮನೆಗೆ ಬಂದದ್ದಿಲ್ಲ. ಆ ಊರಿನಲ್ಲಿ ಒಬ್ಬ ಹೆಂಗಸಿನ ಮಾನ ಅವಳ ಬೋಗುಣಿಯ ತಳದಲ್ಲಿ ಕಾಣುತ್ತದೆ. ಪಾತ್ರೆಯಲ್ಲಿ ಅರ್ಧ ಉಳಿಸಿಕೊಂಡು ವಾಪಸು ಬಂದವಳ ಬಗ್ಗೆ ಯಾರೂ ಏನೂ ಅನ್ನುವುದಿಲ್ಲ. ಏನೂ ಅನ್ನದೆ ಇರುವುದೇ ಶಿಕ್ಷೆ.

"ಈ ಸಲ ನಾನು ಮಾಡ್ತೀನಿ," ಅಂದ ಲೋವೆಲ್. "ನಿನ್ನನ್ನ ಒಂದೇ ಒಂದು ಪ್ರಶ್ನೆ ಕೇಳಲ್ಲ. ನೀನೂ ಬಾಯಿ ಹಾಕಬಾರದು. ಬೋಗುಣಿ ಖಾಲಿಯಾಗಿ ಬಂದರೆ ಆರ್ಡಿಸ್‌ನ ಕರೆಸು, ನಾನು ಬೇಟೆಗೆ ಹೋಗ್ತೀನಿ. ಒಂದು ಚಮಚ ಉಳಿದರೂ ಮನೆ ಬಿಟ್ಟು ಕದಲಲ್ಲ, ನಿನ್ನ ಮಂಡಿ ಪಕ್ಕದಲ್ಲೇ ಇರ್ತೀನಿ."

ಮಾರ್ಲಿಸಳ ಸೂಜಿ ಒಂದು ಗಳಿಗೆ ನಿಂತಿತು. "ಆಗಲಿ," ಅಂದಳು.

ಲೋವೆಲ್ ಅಂಗಡಿಗೆ ಹೋಗಿ ಬಂದ. ಪುಡ್ಡಿಂಗು ಪುಡಿ ಎರಡು ಥರದ್ದು ಸಿಗುತ್ತದೆ. ಒಂದು ತಣ್ಣನೆ ಹಾಲಿನಲ್ಲಿ ಕಲಸಿದರೆ ತಾನಾಗಿ ಗಟ್ಟಿಯಾಗುವುದು, ಇನ್ನೊಂದು ಒಲೆಯ ಮೇಲೆ ಕಾಯಿಸಿದರೆ ಮಾತ್ರ ಗಟ್ಟಿಯಾಗುವುದು. ಪೆಟ್ಟಿಗೆ ಎರಡೂ ಅಣ್ಣತಮ್ಮಂದಿರ ಹಾಗಿರುತ್ತವೆ. ಚಿಕ್ಕ ಅಕ್ಷರ ಓದುವುದು ಹೆಂಗಸರ ಚಾಳಿ ಅಂತ ನಂಬಿದವನು ಯಾವುದನ್ನು ತಂದ ಅಂತ ಬೇರೆ ಹೇಳಬೇಕೆ?

ಮೊದಲು ಬಿಸ್ಕತ್ತು ಪುಡಿ ಮಾಡಬೇಕಿತ್ತು. ಲಟ್ಟಣಿಗೆ ಸಿಗಲಿಲ್ಲ. ಅದು ಕಪಾಟಿನಲ್ಲಿ ತನ್ನ ಎತ್ತರಕ್ಕೆ ತಕ್ಕ ಸ್ಥಾನದಲ್ಲಿ ಎಲ್ಲೋ ನಿಂತಿತ್ತು. ಗ್ಯಾರೇಜಿನಿಂದ ರಬ್ಬರ್ ಸುತ್ತಿಗೆ ತಂದ. ಬಿಸ್ಕತ್ತನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಮೊದಲನೇ ಏಟು ಹಾಕಿದ, ಸರಿಹೋಯಿತು. ಎರಡನೇ ಏಟು, ಬಹಳ ಸರಿಹೋಯಿತು. ಮೂರನೇ ಏಟಿಗೆ ಗೆದ್ದ ಉತ್ಸಾಹವೂ ಸೇರಿಕೊಂಡು ಚೀಲ ಢಮ್ಮಂತ ಒಡೆಯಿತು. ಪರದೆ ಕಪ್ಪಾಯಿತು, ಫ್ರಿಜ್ಜು ಕಪ್ಪಾಯಿತು, ಲೋವೆಲ್‌ನ ಹುಬ್ಬು ಕಪ್ಪಾಯಿತು. ನೆಲದ ಮೇಲೆ ಬಿದ್ದದ್ದನ್ನು ಬಿಟ್ಟು ಮೇಜಿನ ಮೇಲಿದ್ದದ್ದನ್ನೆಲ್ಲ ಗೋರಿಕೊಂಡ. ಮಣ್ಣು ತಾನೇ, ಮಣ್ಣಿನ ಹಾಗೇ ಇರಲಿ ಅಂತ ಸಮಾಧಾನ ಹೇಳಿಕೊಂಡ.

ಆಮೇಲೆ ಸಕ್ಕರೆ ಪುಡಿ. ಕಪಾಟಿನ ಎದುರು ಹತ್ತು ನಿಮಿಷ ನಿಂತ. ಉದ್ದದ ಡಬ್ಬಿಯೋ, ಗಿಡ್ಡ ಡಬ್ಬಿಯೋ? ಜೋಡಿಸಿದವನು ತಾನೇ, ಬೈಯುವುದಾದರೂ ಯಾರನ್ನು? ಕೊನೆಗೆ ಬಾಗಿಲಿಗೆ ಬಂದು ನಿಂತು ಗಂಟಲು ಸರಿಮಾಡಿಕೊಂಡ.

"ಈ ಮನೇಲಿ ಸಕ್ಕರೆ ಪುಡಿ ಇದೆ ಅಂತ ಜನ ಹೇಳ್ತಾರೆ."

"ಇದು ಪ್ರಶ್ನೆಯಾ?" ಅಂದಳು ಮಾರ್ಲಿಸ್.

"ಅಲ್ಲ. ಪ್ರಕಟಣೆ."

"ಸರಿ. ಪ್ರಕಟಣೆ ಕೇಳಿಸ್ತು."

ಲೋವೆಲ್ ತಿರುಗಿ ಹೋದ. ಇಂಥ ಹೆಂಗಸಿನ ಜೊತೆ ನಲವತ್ತು ವರ್ಷ ಬಾಳಿದ್ದೇನಲ್ಲ ಅಂತ ಮೈಯೆಲ್ಲ ಉರಿಯಿತು. ಇಪ್ಪತ್ತು ಡಬ್ಬಿ ಮೂಸಿ, ಏಳು ಡಬ್ಬಿ ಬೆರಳಿಟ್ಟು ನೆಕ್ಕಿ, ಒಂದು ಸಲ ಅಡುಗೆ ಸೋಡಾ ನುಂಗಿ, ಕಡೆಗೂ ಸಕ್ಕರೆ ಪುಡಿ ಹಿಡಿದ. ಬೆಣ್ಣೆ ಹಾಕಿದ, ಚೀಸ್ ಹಾಕಿದ, ಪುಡ್ಡಿಂಗು ಪುಡಿ ಸುರಿದ, ತಣ್ಣನೆ ಹಾಲು ಹೊಯ್ದ, ಮಿಕ್ಸರ್ ಹಚ್ಚಿದ. ಮಿಕ್ಸರ್ ಚಾವಣಿಗೂ ಒಂದು ಪಾಲು ಕೊಟ್ಟಿತು. ಪುಡ್ಡಿಂಗು ಮಾಡುವ ವಿಧಾನದ ಚೀಟಿಯಲ್ಲಿ "ಎರಡು ನಿಮಿಷದಲ್ಲಿ ಗಟ್ಟಿಯಾಗುತ್ತದೆ" ಅಂತ ಮಾರ್ಲಿಸಳ ದುಂಡು ಅಕ್ಷರದಲ್ಲಿ ಬರೆದಿತ್ತು. ಎರಡು ನಿಮಿಷ ಆಯಿತು, ಹನ್ನೆರಡು ಆಯಿತು, ಮೂವತ್ತು ಆಯಿತು. ಬೋಗುಣಿಯಲ್ಲಿದ್ದದ್ದು ಕೆಸರು ನೀರಿನ ಹಾಗೆ ಅತ್ತಿಂದಿತ್ತ ತೂಗುತ್ತಿತ್ತು. ಅದರಲ್ಲಿ ಗೋರಿಕಲ್ಲು ನಿಲ್ಲಿಸಿದರೆ ಮುಳುಗಿ ಸಾಯುತ್ತಿತ್ತು.

ಉಳಿದದ್ದು ಕ್ರೀಮ್. "ಕ್ರೀಮ್ ಒಂದು ಡಬ್ಬಿ, ಮೆಲ್ಲಗೆ ಸೇರಿಸು" ಅಂತ ಚೀಟಿ ಹೇಳಿತು. ಬೆಳಿಗ್ಗೆಯೇ ಫ್ರೀಜರಿನಲ್ಲಿ ಒಂದರ ಮೇಲೊಂದು ಕೂತಿದ್ದ ಮೂರು ಬಿಳಿ ಡಬ್ಬಿ ತೆಗೆದು ಕರಗಲು ಇಟ್ಟಿದ್ದ.

ಇಲ್ಲಿ ನಿಂತು ಒಂದು ಮಾತು ಹೇಳಲೇಬೇಕು. ಆ ಸೀಮೆಯಲ್ಲಿ ಕ್ರೀಮಿನ ಖಾಲಿ ಡಬ್ಬಿಯನ್ನು ಯಾರೂ ಎಸೆಯುವುದಿಲ್ಲ. ಎಸೆದರೆ ಅಜ್ಜಿಯರ ಆತ್ಮಕ್ಕೆ ಶಾಂತಿ ಇರುವುದಿಲ್ಲ. ಅದರಲ್ಲಿ ಸಾರು ಇಡುತ್ತಾರೆ, ಹಂದಿ ಕೊಬ್ಬು ಇಡುತ್ತಾರೆ, ಗುಂಡಿ ಇಡುತ್ತಾರೆ. ಡಬ್ಬಿಯ ಮೇಲೆ ಕ್ರೀಮ್ ಅಂತ ಬರೆದಿದ್ದರೆ ಒಳಗೆ ಕ್ರೀಮ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಇರಬಹುದು ಅಂತ ಹುಟ್ಟಿದ ಕೂಸಿಗೂ ಗೊತ್ತು. ಸ್ವತಃ ಲೋವೆಲ್ ಗ್ಯಾರೇಜಿನಲ್ಲಿ ಅಂಥವೇ ಡಬ್ಬಿಗಳಲ್ಲಿ ಮೊಳೆ ಇಟ್ಟಿದ್ದ. ಆದರೆ ಫ್ರೀಜರ್ ಅವನ ರಾಜ್ಯವಲ್ಲ. ಆ ಮೂರು ಡಬ್ಬಿಯಲ್ಲಿ ಇದ್ದದ್ದು ಬೇಯಿಸಿ, ಹಿಸುಕಿ, ಉಪ್ಪು ಬೆಣ್ಣೆ ಕಲಸಿದ, ನೋಡಲು ಕ್ರೀಮಿನ ಹಾಗೇ ಬೆಳ್ಳಗಿದ್ದ ಆಲೂಗಡ್ಡೆ. ಕ್ರಿಸ್‌ಮಸ್ಸಿಗೆ ಲೆಫ್ಸೆ ರೊಟ್ಟಿ ಲಟ್ಟಿಸಲು ಮಾರ್ಲಿಸ್ ಆಪರೇಷನ್ನಿಗೆ ಮುಂಚೆ ಎರಡು ದಿನ ಕೂತು ಮಾಡಿಟ್ಟದ್ದು!

ಡಬ್ಬಿಗಳನ್ನು ಎದೆಗವಚಿಕೊಂಡು ಲೋವೆಲ್ ಮೇಜಿನ ಕಡೆ ನಡೆದದ್ದು ತೆರೆದ ಬಾಗಿಲಿನಿಂದ ಮಾರ್ಲಿಸಳಿಗೆ ಕಂಡಿತು. ಅವಳು ಬೆಚ್ಚಿಬಿದ್ದು ಬಾಯಿ ತೆರೆದಳು.

"ಲೋವೆಲ್..."

"ಉಹೂಂ. ಷರತ್ತು ಅಂದರೆ ಷರತ್ತು. ಒಂದು ಅಕ್ಷರ ಆಡಿದರೂ ಷರತ್ತು ರದ್ದು, ಬೇಟೆಯೂ ರದ್ದು."

ಮಾರ್ಲಿಸ್ ಅವನನ್ನು ನೋಡಿದಳು. ಡಬ್ಬಿಗಳನ್ನು ನೋಡಿದಳು. ಮತ್ತೆ ಅವನನ್ನು ನೋಡಿದಳು. ಬಾಯಿ ಮುಚ್ಚಿಕೊಂಡು ಹೆಣಿಗೆ ಎತ್ತಿಕೊಂಡಳು.

ಮೊದಲನೇ ಡಬ್ಬಿ ಹಾಕಿದ. ಕೆಸರು ಸ್ವಲ್ಪ ಮಂದವಾಯಿತು. ಒಂದಕ್ಕೆ ಇಷ್ಟು ಗುಣವಾದರೆ ಎರಡಕ್ಕೆ ಎಷ್ಟು! ಎರಡನೆಯದನ್ನೂ ಹಾಕಿದ. ಹಿಂದೆಯೇ ಮೂರನೆಯದು. ಆಹಾ, ಈಗ ಮಿಕ್ಸರ್ ಉಸಿರುಗಟ್ಟಿ ನರಳಿತು. ಚಮಚ ನೆಟ್ಟರೆ ಧ್ವಜಸ್ತಂಭದ ಹಾಗೆ ನಿಂತಿತು. ಲೋವೆಲ್‌ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಮೂವತ್ತನಾಲ್ಕು ವರ್ಷ ಹಾಲು ಸಾಗಿಸಿದವನಿಗೆ ಕ್ರೀಮ್ ಕೈ ಹಿಡಿಯದೆ ಇರುತ್ತದೆಯೆ? ರುಚಿ ಮಾತ್ರ ನೋಡಲಿಲ್ಲ. ಡಾಕ್ಟರು ಸಿಹಿ ಮುಟ್ಟಬೇಡ ಅಂದಿದ್ದರು, ಅಡುಗೆ ಸೋಡಾ ನುಂಗಿದ ನಾಲಿಗೆಗೂ ಧೈರ್ಯ ಉಳಿದಿರಲಿಲ್ಲ. ಮಣ್ಣು ಉದುರಿಸಿ, ಹುಳು ಬಿಟ್ಟು, ಗೋರಿಕಲ್ಲು ನೆಟ್ಟ. ಒಂದೊಂದು ಕಲ್ಲೂ ಅಲುಗದೆ ನಿಂತಿತು.

ಮಂಡಿಯ ದೆಸೆಯಿಂದ ಮಾರ್ಲಿಸ್ ಮನೆಯಲ್ಲೇ ಉಳಿದಳು. ಸಂಜೆ ಐದಕ್ಕೆ ಚರ್ಚಿನ ನೆಲಮಾಳಿಗೆ ತುಂಬಿತು. ದೆವ್ವ, ಮಾಟಗಾತಿ, ಕುಂಬಳಕಾಯಿ ವೇಷದ ಮಕ್ಕಳು ಮೊದಲು ನುಗ್ಗಿದವು. ಎರೆಹುಳುಗಳನ್ನೆಲ್ಲ ಕಿತ್ತುಕೊಂಡವು, ಒಂದೊಂದು ಚಮಚ ಪುಡ್ಡಿಂಗು ಬಾಯಿಗಿಟ್ಟವು, ತಟ್ಟೆಯನ್ನು ಅಲ್ಲೇ ಬಿಟ್ಟು ಬೇರೆ ಮೇಜಿಗೆ ಓಡಿದವು. ಮಕ್ಕಳು ವೇಷದೊಳಗೆ ಏನು ಮುಖ ಮಾಡಿದವೋ ಕಾಣಲಿಲ್ಲ. ಬೋಗುಣಿ ಮುಕ್ಕಾಲು ಹಾಗೇ ಉಳಿದಿತ್ತು. ಬಿಡಾರದ ಒಲೆ, ಗೆಳೆಯರ ನಗು, ಬೆಳಗಿನ ಹಿಮದ ಮೇಲಿನ ಜಿಂಕೆ ಹೆಜ್ಜೆ, ಎಲ್ಲ ಲೋವೆಲ್‌ನ ಕಣ್ಣೆದುರೇ ಕರಗಿಹೋಗುತ್ತಿತ್ತು.

ಅಷ್ಟರಲ್ಲಿ ಹೆಂಗಸರು ಬಂದರು. ಮುಂದೆ ವರ್ನಾ ಕ್ವಾಲೆ. ಚರ್ಚಿನ ಅಡುಗೆಮನೆಗೆ ಅವಳೇ ಯಜಮಾನಿ, ಟೋಸ್ಟ್ರುಡ್ ದಂಪತಿಗೆ ಪಕ್ಕದ ಮನೆಯವಳು. ಅವಳ ಹಿಂದೆ ಹನ್ನೊಂದು ಜನ ಸಾಲಾಗಿ. ಒಬ್ಬೊಬ್ಬಳೂ ದೊಡ್ಡ ಸೌಟಿನಲ್ಲಿ ತೋಡಿಕೊಂಡಳು. ಮೇಜಿಗೆ ಹೋಗಿ ಕೂತಳು. ತಿಂದಳು, ಕಾಫಿ ಕುಡಿದಳು, ತಿಂದಳು, ಕಾಫಿ ಕುಡಿದಳು. ಒಬ್ಬಳು ಕಣ್ಣು ಮುಚ್ಚಿಕೊಂಡು ನುಂಗಿದಳು. ಭಕ್ತಿಯಿಂದ ಅಂತ ಲೋವೆಲ್ ಅಂದುಕೊಂಡ. ವರ್ನಾ ಎರಡನೇ ಸಲ ಬಂದು ಬೋಗುಣಿಯ ತಳವನ್ನೂ ಬಿಡದೆ ಬಳಿದುಕೊಂಡು ಹೋದಳು.

"ಹೇಗಿದೆ?" ಅಂದ ಲೋವೆಲ್, ಹಲ್ಲು ಕಿರಿಯುತ್ತ.

"ಹೊಟ್ಟೆ ತುಂಬುತ್ತೆ," ಅಂದಳು ವರ್ನಾ.

ಗೆದ್ದೆ! ಇಪ್ಪತ್ತೆರಡು ವರ್ಷ ಮಾರ್ಲಿಸ್ ಮಾಡಿದ ಪುಡ್ಡಿಂಗು ಇಷ್ಟು ಬೇಗ ಖಾಲಿಯಾದದ್ದುಂಟೆ? ಲೋವೆಲ್ ಖಾಲಿ ಬೋಗುಣಿಯನ್ನು ಕಿರೀಟದ ಹಾಗೆ ಹಿಡಿದುಕೊಂಡು ಚರ್ಚಿನ ಅಡುಗೆಮನೆಗೆ ಹೊರಟ. ದಾರಿಯಲ್ಲಿ ಅಂಚಿಗೆ ಅಂಟಿದ್ದ ಒಂದು ಮುದ್ದೆ ಕಂಡಿತು. ಗೆದ್ದವನಿಗೆ ಒಂದು ಬೆರಳು ಸಿಹಿ ತಿಂದರೆ ಡಾಕ್ಟರು ಏನಂದಾರು? ಬೆರಳಲ್ಲಿ ತೆಗೆದು ಬಾಯಿಗಿಟ್ಟ.

ಉಪ್ಪು. ಬೆಣ್ಣೆ. ಚಾಕೊಲೇಟ್. ಆಲೂಗಡ್ಡೆ. ಮತ್ತೆ ಆಲೂಗಡ್ಡೆ.

ಇಂಗು ತಿಂದ ಮಂಗನ ಹಾಗೆ ಲೋವೆಲ್ ನಿಂತಲ್ಲೇ ನಿಂತ. ನುಂಗಲೂ ಆಗದು, ಉಗಿಯಲೂ ಆಗದು, ಚರ್ಚು ಬೇರೆ. ಕಷ್ಟಪಟ್ಟು ಒಳಗಿಳಿಸಿದ. ಅಡುಗೆಮನೆಯಲ್ಲಿ ವರ್ನಾ ಒಬ್ಬಳೇ ಪಾತ್ರೆ ತೊಳೆಯುತ್ತಿದ್ದಳು.

"ವರ್ನಾ, ಇದರಲ್ಲಿ ಆಲೂಗಡ್ಡೆ ಇದೆ."

"ಗೊತ್ತು. ಮೂರು ಡಬ್ಬಿ."

ವರ್ನಾ ನಿಧಾನವಾಗಿ ಹೇಳಿದಳು. ಮಾರ್ಲಿಸ್ ಮೂರು ಗಂಟೆಗೆ ಫೋನ್ ಮಾಡಿದ್ದಳಂತೆ. ಹೀಗೀಗೆ ಆಗಿದೆ, ರುಚಿ ದೇವರೇ ಗತಿ, ಆದರೆ ಬೋಗುಣಿ ಮಾತ್ರ ಖಾಲಿಯಾಗಲೇಬೇಕು ಅಂದಳಂತೆ. ಇವರು ಹನ್ನೆರಡು ಜನ ಆಳಿಗಿಷ್ಟು ಅಂತ ಪಾಲು ಹಾಕಿಕೊಂಡರಂತೆ. ಒಬ್ಬಳಿಗೆ ಪಿತ್ತಕೋಶದ ತೊಂದರೆ ಇದ್ದದ್ದರಿಂದ ಅವಳ ಪಾಲಿನ ಮುಕ್ಕಾಲನ್ನೂ ವರ್ನಾ ತಾನೇ ತಿಂದಳಂತೆ.

"ಆದರೆ ಯಾಕೆ?" ಅಂದ ಲೋವೆಲ್. "ನಾನು ಸೋತಿದ್ದರೆ ಅವಳು ತಾನೇ ಗೆಲ್ತಿದ್ದದ್ದು?"

ವರ್ನಾ ಬಟ್ಟೆಗೆ ಕೈ ಒರೆಸಿಕೊಂಡಳು. ಅವನ ಮುಖವನ್ನು ಕನಿಕರದಿಂದ ನೋಡಿದಳು.

"ಲೋವೆಲ್, ನೀನು ಆಗಸ್ಟಿನಿಂದ ಮನೇಲಿದೀಯ."

ಅವಳು ಮುಂದಿನ ಪಾತ್ರೆ ಕೈಗೆತ್ತಿಕೊಂಡಳು.

ಲೋವೆಲ್ ಮನೆಗೆ ಕಾರು ಓಡಿಸಿದ. ಖಾಲಿ ಬೋಗುಣಿ ಪಕ್ಕದ ಸೀಟಿನಲ್ಲಿತ್ತು. ಅವನಿಗೆ ಸಿಟ್ಟು ಬಂದಿತ್ತು, ನಾಚಿಕೆಯೂ ಆಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸು ಪಿಚ್ಚೆನ್ನುತ್ತಿತ್ತು. ಹನ್ನೆರಡು ಹೆಂಗಸರು ತನ್ನನ್ನು ಕಾಡಿಗೆ ಕಳಿಸಲು ಹೊಟ್ಟೆ ಕೆಡಿಸಿಕೊಂಡರಲ್ಲ! ಬಾಗಿಲಲ್ಲೇ ಮಾರ್ಲಿಸಳ ಕ್ಷಮೆ ಕೇಳಬೇಕು, ಆಲೂಗಡ್ಡೆಗೆ, ಕಪಾಟಿಗೆ, ಸ್ಟಾಪ್‌ವಾಚಿಗೆ. ಈ ವರ್ಷ ಬೇಟೆ ಬೇಡ, ನಿನ್ನ ಹತ್ತಿರವೇ ಇರುತ್ತೇನೆ ಅನ್ನಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ.

ಬಾಗಿಲು ತೆರೆದರೆ ಅವನ ಕುರ್ಚಿಯಲ್ಲಿ ಆರ್ಡಿಸ್ ಕೂತು ಕಾಫಿ ಕುಡಿಯುತ್ತಿದ್ದಳು. ಅವನ ಬೇಟೆಯ ಕೋಟು, ಬೂಟು, ಉಣ್ಣೆ ಕಾಲುಚೀಲ, ಮಾತ್ರೆಯ ಡಬ್ಬಿ ಎಲ್ಲ ಚೀಲಕ್ಕೆ ಸೇರಿ ಬಾಗಿಲ ಬಳಿ ಕೂತಿದ್ದವು. ಬೇಟೆಗೆ ಇನ್ನೂ ಐದು ದಿನ ಇತ್ತು.

ಲೋವೆಲ್ ಬೋಗುಣಿ ಕೆಳಗಿಟ್ಟು ಟೋಪಿ ತೆಗೆದ. "ಮಾರ್ಲಿಸ್, ನಾನು ಯೋಚನೆ ಮಾಡಿದೆ. ಈ ಸಲ ಬೇಟೆಗೆ..."

"ನಾನೂ ಯೋಚನೆ ಮಾಡಿದೆ," ಅಂದಳು ಮಾರ್ಲಿಸ್. ಅವಳ ದನಿಯಲ್ಲಿ ಎಷ್ಟೋ ವಾರದಿಂದ ಕಾಣದ ಅಕ್ಕರೆ ಇತ್ತು. "ಇದು ಮುಗಿದ ಮೇಲೆ ಹಳೇ ಕಾಲದ ಮದ್ದು ತುಂಬೋ ಕೋವಿಯವರದ್ದು ಅಂತ ಇನ್ನೊಂದು ಬೇಟೆ ಇರುತ್ತಂತಲ್ಲ, ಎರಡು ವಾರದ್ದು. ಅಂಥಾ ಕೋವಿ ಎಲ್ಲಿ ಸಿಗುತ್ತೆ ಅಂತ ಆರ್ಡಿಸ್ ಆಗಲೇ ವಿಚಾರಿಸಿದಾಳೆ."