ಸೋಮವಾರ ಫೋನು ಹೂಡಬಾರದು

ಫೋನುಗಳಿಗೆ ಸೋಮವಾರ ರಜೆ ಕೊಡುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ! ಕುಷ್ಟಗಿಯ ನಮ್ಮ ಬೀಜದ ಕಂಪನಿಯ ಆಫೀಸಿನಲ್ಲಿ ಆರು ವರ್ಷ ಅವರ ಎದುರಿಗೇ ಕುಳಿತಿದ್ದೇನೆ. ಸ್ಟೋರು ನೋಡಿಕೊಳ್ಳುತ್ತಿದ್ದರು. ನಮಗೆಲ್ಲ ಅವರು ಕಾಕಾ.

ಹೊಲ ಹೊಲ ತಿರುಗುವ ನಮಗೆ ಕಂಪನಿ ಎಂಟು ಫೋನು ಕೊಟ್ಟಿತ್ತು. ರೈತರ ಹೆಸರು, ಹೊಲದ ನಕ್ಷೆ, ಯಾವ ಹೂವಿಗೆ ಯಾವ ಹೂವಿನ ಪರಾಗ ಮುಟ್ಟಿಸಿದೆವು ಎಂಬ ಗುಟ್ಟು, ಎಲ್ಲವೂ ಅವುಗಳಲ್ಲೇ. ಇವುಗಳ ಕಾವಲು ಯಾರಿಗೆ? ಸ್ವಂತಕ್ಕೆ ಒಂದು ಫೋನನ್ನೂ ಇಟ್ಟುಕೊಳ್ಳದ ಕಾಕಾಗೆ! ಅವರು ದನ ಕಟ್ಟಿ ಬೆಳೆದ ಮನೆಯವರು. ಕಿನ್ನಾಳದ ಬಡಗಿಯಿಂದ ಎಂಟು ಖಾನೆಯ ಪೆಟ್ಟಿಗೆ ಮಾಡಿಸಿ, ಹಸಿರು ಬಣ್ಣ ಹಚ್ಚಿಸಿ, ಗೋಡೆಗೆ ಬಡಿಸಿದರು. ಒಂದೊಂದು ಫೋನಿಗೆ ಒಂದೊಂದು ಬಣ್ಣದ ಗೊಂಡೆ ಕಟ್ಟಿದರು. ನನ್ನದು ಕೆಂಪು. ಸಂಜೆ ಆರಕ್ಕೆ ಎಲ್ಲವೂ ಖಾನೆ ಸೇರಬೇಕು. ಎಣಿಸಿ, ಬೀಗ ಹಾಕಿ, "ಎಲ್ಲಾ ಮನಿ ಸೇರ್ಯಾವ" ಎಂದು ಗಟ್ಟಿಯಾಗಿ ಹೇಳಿದ ಮೇಲೆಯೇ ಕಾಕಾ ಚಪ್ಪಲಿ ಮೆಟ್ಟುತ್ತಿದ್ದರು.

"ಹುಲ್ಲೂ ಹಾಕ್ತೀರೇನ್ರಿ ಕಾಕಾ?" ಎಂದು ಯಲಬುರ್ಗಾ ಕಡೆ ಓಡಾಡುತ್ತಿದ್ದ ಗೆಳೆಯನೊಬ್ಬ ಕೆಣಕಿದ.

"ಅದಕ್ಕ ಚಾರ್ಜ್ ಸಾಕು. ಹುಲ್ಲು ನಿನಗ ಹಾಕ್ತೀನಿ, ಬಾ."

ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ. ಹಾಗಾದರೆ ಫೋನೇನು ಪಾಪ ಮಾಡಿದೆ? ಸೋಮವಾರ ಬೆಳಿಗ್ಗೆ ಎಂಟನ್ನೂ ಆಫ್ ಮಾಡಿ, ಅರಿವೆಯಿಂದ ಒರೆಸಿ, "ಹನ್ನೊಂದರ ತನಕ ಯಾರೂ ಮುಟ್ಟಬ್ಯಾಡ್ರಿ, ದಣದಾವ" ಎನ್ನುತ್ತಿದ್ದರು. ನಾವು ಪಾಸ್‌ವರ್ಡ್ ಒತ್ತುವಾಗಂತೂ ಗೋಡೆಗೆ ಮುಖ ಮಾಡಿ ನಿಂತುಬಿಡುತ್ತಿದ್ದರು.

ಒಮ್ಮೆ ಮುಖ್ಯ ಕಚೇರಿಯಿಂದ ದೊಡ್ಡ ಸಾಹೇಬರು ಬಂದರು. ಕಾಕಾ ಸಾಹೇಬರ ಫೋನನ್ನೂ ಇಸಿದುಕೊಂಡು ರಿಜಿಸ್ಟರಿನಲ್ಲಿ ಬರೆದರು! ಖಾನೆ ಎಂಟೇ ಇದ್ದುದರಿಂದ ಅದನ್ನು ಪೆಟ್ಟಿಗೆಯ ಮೇಲೆ ಕೂರಿಸಿದರು. ಅದು ಬಡಿದುಕೊಂಡಿತು. ಕಾಕಾ ಎತ್ತಿಯೇಬಿಟ್ಟರು. "ಯಾರ್ರಿ? ಸಾಹೇಬ್ರ ಮನಿಯವ್ರಾ? ಕಂಪನಿ ಫೋನಿನಾಗ ಮನಿ ಮಾತು ಆಡಂಗಿಲ್ರೀ ಅಕ್ಕಾರ." ಸಾಹೇಬರ ಮುಖ ನೋಡಲು ನಮಗ್ಯಾರಿಗೂ ಧೈರ್ಯವಾಗಲಿಲ್ಲ.

ಆ ಕಾನೂನಿಗೆ ನಾನೂ ಸಿಕ್ಕಿಬಿದ್ದೆ. ಒಂದು ದಿನ ನಾನು ತೆರೆದು ಕುಳಿತಿದ್ದ ಕೆಂಪು ಗೊಂಡೆಯ ಫೋನಿನಲ್ಲಿ ಅವ್ವ ಕಳಿಸಿದ್ದ ಧ್ವನಿ ಸಂದೇಶಗಳು ಕಾಕಾನ ಕಣ್ಣಿಗೆ ಬಿದ್ದವು.

"ಏನ್ ತಂಗಿ ಇದು?"

"ಅವ್ವಂದ್ರಿ ಕಾಕಾ. ಲಕ್ವ ಹೊಡದು ಈಗ ಆಕಿ ಮಾತು ನಿಂತೈತ್ರಿ. ಇಷ್ಟ ಉಳದಾವ."

ಕಂಪನಿ ಹಾಕಿದ್ದ ಬೀಗದಿಂದಾಗಿ ಆ ಫೋನಿನಿಂದ ಏನನ್ನೂ ಹೊರಗೆ ಕಳಿಸುವಂತಿರಲಿಲ್ಲ. ಕಾಕಾ ಒಂದನ್ನು ಹಚ್ಚಿ ಕೇಳಿದರು. "ಉಂಡೀಯೇನ್ ಯವ್ವಾ? ಬಿಸಲಾಗ ತಿರಗಬ್ಯಾಡ" ಎಂದಿತು ಅವ್ವನ ದನಿ. ಫೋನನ್ನು ನನ್ನ ಕೈಗಿಟ್ಟು, ರಿಜಿಸ್ಟರಿನಲ್ಲಿ ಬರೆಯದೆ ಹೋಗಿ ಕುಳಿತರು.

ಇಷ್ಟಾದ ಮೇಲೂ ನಾನು ಮಾಡಿದ ಘನಕಾರ್ಯ ಕೇಳಿ. ಬೇಸಿಗೆಯ ಒಂದು ಶನಿವಾರ. ಶನಿವಾರ ಮಧ್ಯಾಹ್ನವೂ ಫೋನು ಎಣಿಸುವ ರೂಢಿ. ಕಾಕಾನನ್ನು ಸ್ವಲ್ಪ ಆಡಿಸೋಣವೆಂದು ನನ್ನ ಫೋನನ್ನು ಆಫ್ ಮಾಡಿ ಬುತ್ತಿಚೀಲದಲ್ಲಿ ಅಡಗಿಸಿದೆ. "ಹನುಮಸಾಗರದ ಹೊಲದಾಗ ಬಿಟ್ಟು ಬಂದೆ ಅನಸ್ತೈತ್ರಿ ಕಾಕಾ" ಎಂದೆ. ಹತ್ತು ನಿಮಿಷ ಸತಾಯಿಸಿ ಕೊಡುವುದೆಂದು ನನ್ನ ಲೆಕ್ಕ. ಕಾಕಾ ಬೈಯಲಿಲ್ಲ. ಸ್ಟೋರಿನ ಕಂಪ್ಯೂಟರಿನಲ್ಲಿ "ಫೋನು ಕಳೆದಿದೆ" ಎಂದು ವರದಿ ಹಾಕಿ, ತಲೆಗೆ ಟವೆಲ್ ಸುತ್ತಿ, ಬೈಕಿಗೆ ಒದ್ದು ಹೊರಟೇಬಿಟ್ಟರು! ಬೀದಿಗೆ ಓಡಿ ಕೂಗಿದೆ, ಕೇಳಿಸಲಿಲ್ಲ. ಫೋನ್ ಮಾಡಿ ಕರೆಯೋಣವೆಂದರೆ ಅವರ ಬಳಿ ಫೋನೆಲ್ಲಿದೆ?

ಕಳೆದ ಫೋನಿಗೆ ಕಂಪನಿಯ ನಿಯಮ ಒಂದೇ. ತಾಸಿನೊಳಗೆ ಸ್ಟೋರಿನವರು ಆ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಬೇಕು. ಆಮೇಲೆ ಫೋನು ಯಾರ ಕೈಯಲ್ಲಿದ್ದರೂ, ಆನ್ ಆದ ಕೂಡಲೇ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಇದನ್ನು ನಮಗೆ ಬಾಯಿಪಾಠ ಮಾಡಿಸಿದವರೇ ಕಾಕಾ. ಮಧ್ಯಾಹ್ನವೆಲ್ಲ ಮುಖ್ಯ ಕಚೇರಿಯಿಂದ ಕರೆ: "ಇನ್ನೂ ಯಾಕೆ ಒತ್ತಿಲ್ಲ?" ಫೋನು ಇಲ್ಲೇ ಇದೆ ಎನ್ನುವ ಬದಲು "ಕಾಕಾ ಬರಲಿ ಸರ್" ಎಂದೆ. ಎಂಥ ಹೇಡಿ ನಾನು!

ಆರು ಗಂಟೆಗೆ ಕಾಕಾ ಬಂದರು. ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು, ಮೊಣಕಾಲಿನ ತನಕ ಮಣ್ಣು.

"ಸಾಲು ಸಾಲು ಹುಡುಕಿದೆ ತಂಗಿ, ಸಿಗಲಿಲ್ಲ. ನಾಳೆ ಐತವಾರ, ಮುಂಜಾನೆದ್ದು ಮತ್ತ ಹೋಗ್ತೀನಿ."

"ಗುಂಡಿ ಒತ್ತಲಿಲ್ಲೇನ್ರಿ ಕಾಕಾ?"

"ಹೆಂಗ ಒತ್ತಲಿ? ಅದರಾಗ ನಿಮ್ಮವ್ವನ ಮಾತು ಅದಾವಲ್ಲ."

ಆಗಲಾದರೂ ನಿಜ ಹೇಳಬೇಕಿತ್ತು. "ಚೀಲದ ತಳದಾಗ ಇತ್ರಿ ಕಾಕಾ, ನಾನ ಮರ್ತಿದ್ದೆ" ಎಂದೆ. ಕಾಕಾ ಕೆಂಪು ಗೊಂಡೆಯನ್ನು ಹಣೆಗೊತ್ತಿಕೊಂಡು, ಫೋನನ್ನು ಖಾನೆಯಲ್ಲಿಟ್ಟು, ಬೀಗ ಹಾಕಿದರು. "ಎಲ್ಲಾ ಮನಿ ಸೇರ್ಯಾವ."

ಗುಂಡಿ ಒತ್ತಲಿಲ್ಲವೆಂದು ಮರುವಾರವೇ ಅವರಿಗೆ ಮೆಮೊ ಬಂತು. ಇಡೀ ನೌಕರಿಯಲ್ಲಿ ಅದೊಂದೇ. ಯಾರ ಮೇಲೂ ದೂರದೆ ಸಹಿ ಮಾಡಿ, ಅದನ್ನೂ ರಿಜಿಸ್ಟರಿನಲ್ಲಿ ಬರೆದರು.

ನಿವೃತ್ತರಾಗುವಾಗ ಪೆಟ್ಟಿಗೆಯ ಕೀಲಿಯನ್ನು ನನಗೇ ಕೊಟ್ಟರು. ಆಮೇಲೂ ದಿನಾ ಸಂಜೆ ಆರಕ್ಕೆ ಅವರ ಹೆಂಡತಿ ಕಾಕೂನ ಫೋನಿನಿಂದ ಕರೆ ಬರುತ್ತಿತ್ತು. "ಎಲ್ಲಾ ಮನಿ ಸೇರ್ಯಾವೇನ್ ತಂಗಿ?" "ಸೇರ್ಯಾವ್ರಿ ಕಾಕಾ." ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ನಾಳೆ ಹೇಳಿದರಾಯಿತು ಎಂದು ಇಟ್ಟುಬಿಡುತ್ತಿದ್ದೆ. ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಈಗ ಆರಕ್ಕೆ ಯಾರೂ ಕೇಳುವುದಿಲ್ಲ. ಆದರೂ ಎಣಿಸುತ್ತೇನೆ, ಎಂಟೂ ಇರುತ್ತವೆ.

ಒಂದು ಮಾತು ಉಳಿಯಿತು. ಫೋನು ಸಿಕ್ಕ ಮೇಲಿನ ಸೋಮವಾರ ಕಾಕಾ ಡಬ್ಬಿ ತುಂಬ ಹೋಳಿಗೆ ತಂದಿದ್ದರು. "ಕಳದದ್ದು ಸಿಕ್ಕೈತಿ, ಎಲ್ಲಾರೂ ಬಾಯಿ ಸಿಹಿ ಮಾಡ್ಕೊಳ್ರಿ" ಎಂದು ತಾವೇ ತುಪ್ಪ ಹಾಕಿ ಹಂಚಿದರು. ನಾನು ತಲೆ ಎತ್ತದೆ ತಿಂದೆ. "ಇನ್ನೊಂದು ಹಾಕ್ಕೋ ತಂಗಿ" ಎಂದರು. ಹಾಕಿಸಿಕೊಂಡೆ.